ಕಾಲಿನ ಉಗುರಿಗೆ ಫಂಗಸ್: ಪದೇ ಪದೇ ಕೇಳೋ ಪ್ರಶ್ನೆಗಳು

ಮಾತಾಡೋವಾಗ, ಮೆಸೇಜಲ್ಲಿ, ಕಾಮೆಂಟಲ್ಲಿ ತಿರುಗಾ ಮುರುಗಾ ಬರೋ ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಇಲ್ಲಿ ಒಟ್ಟು ಹಾಕಿದೀನಿ. ಸುಲಭದ್ದು ಮೊದಲು, ಕಷ್ಟದ್ದು ಕೊನೇಲಿ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದ್ಕೊಂಡ್ರೂ ಅರ್ಥ ಆಗತ್ತೆ.

## ಇದು ಫಂಗಸ್ಸೇನಾ?

ಹೆಬ್ಬೆರಳಿನ ಉಗುರು ಹಳದಿ ಆಗಿ ದಪ್ಪ ಆಗಿದೆ, ಫಂಗಸ್ ಅಂತ ಹೆಂಗೆ ಗೊತ್ತಾಗತ್ತೆ?

ಸಾಮಾನ್ಯವಾಗಿ ಇದು ಉಗುರಿನ ತುದಿಯಿಂದ ಅಥವಾ ಪಕ್ಕದ ಅಂಚಿಂದ ಶುರು ಆಗತ್ತೆ, ಬುಡದಿಂದ ಅಲ್ಲ. ಮೊದಲು ಒಂದು ಮೂಲೇಲಿ ಬಿಳಿ ಇಲ್ಲಾ ಹಳದಿ ಕಲೆ, ಆಮೇಲೆ ಅದು ನಿಧಾನಕ್ಕೆ ಹಿಂದಕ್ಕೆ ಬುಡದ ಕಡೆ ಹೋಗತ್ತೆ, ಉಗುರು ಕೆಳಗಿನ ಚರ್ಮದಿಂದ ಬಿಟ್ಕೊಳ್ಳತ್ತೆ, ಆ ಸಂದೀಲಿ ಪುಡಿ ಪುಡಿಯಾಗಿ ಒಣಗಿದ ಹೊಟ್ಟು ತರ ಸೇರ್ಕೊಳ್ಳತ್ತೆ, ಕೆಲವರಿಗೆ ಅದಕ್ಕೊಂದು ವಾಸನೇನೂ ಇರತ್ತೆ. ಕತ್ತರಿಸೋಕೆ ಹೋದ್ರೆ ನೀಟಾಗಿ ತುಂಡಾಗಲ್ಲ, ಉದುರತ್ತೆ. ಇನ್ನೊಂದು ತರದಲ್ಲಿ ಉಗುರಿನ ಮೇಲ್ಗಡೆ ಮಾತ್ರ ಸುಣ್ಣ ಬಳಿದಂಗೆ ಬಿಳಿ ಮಚ್ಚೆ ಬರತ್ತೆ, ಅದು ಕೆರೆದ್ರೆ ಪುಡಿಯಾಗಿ ಬರತ್ತೆ, ಇದಕ್ಕೆ ಚಿಕಿತ್ಸೆ ಸ್ವಲ್ಪ ಸುಲಭ.

ಬೆರಳ ಸಂದೀಲಿ ಚರ್ಮ ಬಿಳಿಚಿಕೊಂಡು ಸುಲೀತಾ ಇದ್ಯಾ, ಅಂಗಾಲು ಒಣಗಿ ಹೊಟ್ಟೇಳ್ತಾ ಇದ್ಯಾ ಅಂತಾನೂ ನೋಡ್ಕೊಳ್ಳಿ. ಇವು ಜೊತೇಲಿದ್ರೆ ಉಗುರಲ್ಲಿರೋದೂ ಫಂಗಸ್ಸೇ ಇರೋ ಸಾಧ್ಯತೆ ಜಾಸ್ತಿ. ಆದ್ರೂ ಕಣ್ಣಲ್ಲಿ ನೋಡಿ ಖಾತ್ರಿ ಮಾಡಕ್ಕಾಗಲ್ಲ. ಕೆಟ್ಟು ಹೋದ ಉಗುರುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಾತ್ರ ಫಂಗಸ್, ಉಳಿದ ಅರ್ಧಕ್ಕೆ ಕಾರಣ ಬೇರೆ.

ಮತ್ತೆ ಉಳಿದ ಅರ್ಧ ಏನು?

ಜಾಸ್ತಿ ಕಾಣೋದು ಪೆಟ್ಟು. ಪೆಟ್ಟು ಅಂದ್ರೆ ಮೇಲೆ ಕಲ್ಲು ಬಿದ್ದಿದ್ದೇ ಆಗ್ಬೇಕು ಅಂತಿಲ್ಲ, ಬಿಗಿ ಶೂ ದಿನಾ ತಿಕ್ಕೋದು, ಓಡೋವಾಗ ಬೆರಳು ಶೂ ತುದಿಗೆ ಹೊಡೆಯೋದು ಕೂಡ ವರ್ಷಗಟ್ಟಲೆ ಆದ್ರೆ ಉಗುರು ದಪ್ಪ ಆಗತ್ತೆ. ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇನ್ನೊಂದು, ಅದ್ರಲ್ಲಿ ಕೈ ಉಗುರ ಮೇಲೆ ಸೂಜಿ ಚುಚ್ಚಿದಂಗೆ ಸಣ್ಣ ಸಣ್ಣ ಗುಳಿ ಇರತ್ತೆ, ಉಗುರಿನೊಳಗೆ ಎಣ್ಣೆ ಹನಿ ಬಿದ್ದಂಗೆ ಕಂದು ಕಲೆ ಕಾಣತ್ತೆ, ಮೊಣಕೈ ಮಂಡಿ ತಲೇಲೂ ಹೊಟ್ಟಿರಬಹುದು. ಲೈಕನ್ ಪ್ಲೇನಸ್ ಅನ್ನೋ ಚರ್ಮದ ಕಾಯಿಲೇಲಿ ಉಗುರು ತೆಳ್ಳಗಾಗಿ ಸೀಳತ್ತೆ. ವಯಸ್ಸಾದವರಲ್ಲಿ ಸುಮ್ನೆ ವಯಸ್ಸಿಗೇ ಉಗುರು ದಪ್ಪ ಆಗಿ ಬಾಗತ್ತೆ. ಇವಕ್ಕೆಲ್ಲ ಫಂಗಸ್ ಮಾತ್ರೆ ತಗೊಂಡ್ರೆ ಏನೂ ಉಪಯೋಗ ಇಲ್ಲ.

ನಮ್ಮಲ್ಲಿ ಇದನ್ನ ಉಗುರುಸುತ್ತು ಅಂತಾರೆ, ಅದೇ ಅಲ್ವಾ ಇದು?

ಅಲ್ಲ. ಉಗುರುಸುತ್ತು ಅಂದ್ರೆ ಉಗುರಿನ ಪಕ್ಕದ ಚರ್ಮ ಊದಿ ಕೆಂಪಾಗಿ ಕೀವು ತುಂಬೋದು, ಬಹುತೇಕ ಬ್ಯಾಕ್ಟೀರಿಯಾ ಕೆಲಸ, ಒಂದೆರಡು ದಿನದಲ್ಲೇ ಮಿಡಿಯೋ ನೋವು ಶುರು ಆಗತ್ತೆ. ಫಂಗಸ್ ಕೂತಿರೋದು ಉಗುರಲ್ಲಿ ಮತ್ತು ಅದರ ಕೆಳಗಡೆ, ತಿಂಗಳುಗಟ್ಟಲೆ ನೋವೇ ಇಲ್ದೆ ಬೆಳೀತಾ ಹೋಗತ್ತೆ. ಎರಡಕ್ಕೂ ಔಷಧಿ ಬೇರೆ ಬೇರೆ.

ಉಗುರು ಕಪ್ಪಾಗಿದೆ, ಇದೂ ಫಂಗಸ್ಸಾ? ಹಸಿರು ಬಣ್ಣ ಆದ್ರೆ?

ಹಸಿರು ಅಂದ್ರೆ ಸಾಮಾನ್ಯವಾಗಿ ಸ್ಯೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ, ಉಗುರು ಬಿಟ್ಕೊಂಡಿರೋ ಕಡೆ ತೇವ ನಿಂತ್ರೆ ಬರತ್ತೆ. ಕಪ್ಪು ಅಂದ್ರೆ ಹೆಚ್ಚಿನ ಸಲ ಒಳಗೆ ರಕ್ತ ಹೆಪ್ಪುಗಟ್ಟಿರೋದು, ಉಗುರು ಬೆಳೆದಂಗೆ ಆ ಕಲೇನೂ ಮುಂದಕ್ಕೆ ಜರುಗ್ತಾ ಹೋಗತ್ತೆ.

ಆದ್ರೆ ಒಂದನ್ನ ಮಾತ್ರ ದಯವಿಟ್ಟು ತಡ ಮಾಡ್ಬೇಡಿ. ಬುಡದಿಂದ ತುದಿವರೆಗೆ ಕಪ್ಪು ಅಥವಾ ಕಂದು ಪಟ್ಟೆ ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲ ಆಗ್ತಾ ಇದ್ರೆ, ಇಲ್ಲಾ ಆ ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದ್ರೆ, ಅದು ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಇರಬಹುದು. ಅಪರೂಪ ಹೌದು, ಆದ್ರೆ ಫಂಗಸ್ ಅಂತ ಅಂದ್ಕೊಂಡು ಆರು ತಿಂಗಳು ಲೋಷನ್ ಹಚ್ತಾ ಕೂರೋ ವಿಷಯ ಅಲ್ಲ. ಆ ವಾರಾನೇ ಸ್ಕಿನ್ ಡಾಕ್ಟರಿಗೆ ತೋರಿಸಿ.

ನಾನು ದಿನಾ ಕಾಲು ತೊಳೀತೀನಿ, ಕ್ಲೀನಾಗೇ ಇರ್ತೀನಿ, ನಂಗ್ಯಾಕೆ ಬಂತು?

ಈ ಪ್ರಶ್ನೇಲಿ ಒಂದು ನಾಚಿಕೆ ಇರತ್ತೆ, ಅದು ಬೇಕಾಗಿಲ್ಲ. ಇದು ಗಲೀಜಿನ ಕಾಯಿಲೆ ಅಲ್ಲ. ಹೆಚ್ಚಿನವರಲ್ಲಿ ಕಾರಣ ಟ್ರೈಕೋಫೈಟಾನ್ ರುಬ್ರಮ್ ಅನ್ನೋ ಫಂಗಸ್, ಇದು ಕೆರಾಟಿನ್ ಅನ್ನೋ ಪ್ರೋಟೀನ್ ತಿಂದು ಬದುಕತ್ತೆ, ಉಗುರು ಅಂದ್ರೇನೇ ಕೆರಾಟಿನ್. ಮೊದಲು ಬೆರಳ ಸಂದೀಲಿ ಕೆಸರುಹುಣ್ಣಾಗಿ ಕೂತು ಅಲ್ಲಿಂದ ಉಗುರಿಗೆ ನುಗ್ಗತ್ತೆ. ವಯಸ್ಸು, ಡಯಾಬಿಟಿಸ್, ಕಾಲಿಗೆ ರಕ್ತ ಓಡಾಟ ಕಮ್ಮಿ ಇರೋದು, ಸೋರಿಯಾಸಿಸ್, ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ, ಇಡೀ ದಿನ ಬೆವರೋ ಮುಚ್ಚಿದ ಶೂ, ಉಗುರಿಗೆ ಹಿಂದೆ ಬಿದ್ದ ಪೆಟ್ಟು, ಇವೆಲ್ಲ ದಾರಿ ಮಾಡಿಕೊಡತ್ತೆ. ಕೆಲವು ಮನೆತನದಲ್ಲಿ ಈ ಫಂಗಸ್ ಬೇಗ ಅಂಟಿಕೊಳ್ಳೋ ಗುಣ ಹುಟ್ಟಿಂದಾನೇ ಬಂದಿರತ್ತೆ. ಕಾಲಿನ ಉಗುರು ಕೈ ಉಗುರಿಗಿಂತ ನಿಧಾನ ಬೆಳೆಯೋದ್ರಿಂದ ಫಂಗಸ್ಸಿಗೆ ಅಲ್ಲಿ ನೆಲೆ ಊರೋಕೆ ಬೇಕಾದಷ್ಟು ಟೈಮ್ ಸಿಗತ್ತೆ.

ನೋವೇ ಇಲ್ಲ, ಹಂಗೇ ಬಿಟ್ರೆ ಏನಾಗತ್ತೆ?

ತಾನಾಗೇ ಹೋಗೋದು ತುಂಬ ಅಪರೂಪ. ಬಿಟ್ರೆ ನಿಧಾನಕ್ಕೆ ಉಗುರು ಪೂರ್ತಿ ಕೆಡತ್ತೆ, ಪಕ್ಕದ ಬೆರಳಿಗೂ ಹೋಗತ್ತೆ, ದಪ್ಪ ಆದ ಉಗುರು ಶೂ ಒಳಗೆ ಒತ್ತಿ ನೋವು ಕೊಡತ್ತೆ. ಹಂಗಂತ ಎಲ್ಲರೂ ಚಿಕಿತ್ಸೆ ತಗೋಳ್ಳೇಬೇಕು ಅಂತಾನೂ ನಾನು ಹೇಳಲ್ಲ. ಉಗುರಿಂದ ತೊಂದರೆ ಏನೂ ಇಲ್ದೆ, ಬೇರೆ ಹತ್ತು ಮಾತ್ರೆ ತಗೋತಾ ಇರೋ ವಯಸ್ಸಾದವರು ಉಗುರು ಟ್ರಿಮ್ ಮಾಡಿಸ್ಕೊಂಡು, ಸಂದೀಲಿರೋ ಹುಣ್ಣಿಗೆ ಕ್ರೀಮ್ ಹಚ್ಕೊಂಡು ಹಂಗೇ ಇರ್ತೀನಿ ಅಂದ್ರೆ ಅದೂ ಒಂದು ಸರಿಯಾದ ತೀರ್ಮಾನಾನೇ. ಡಯಾಬಿಟಿಸ್ ಇರೋರಿಗೆ ಮಾತ್ರ ಈ ಮಾತು ಅನ್ವಯಿಸಲ್ಲ, ಅವರ ಬಗ್ಗೆ ಕೆಳಗೆ ಬೇರೆ ಬರ್ದಿದೀನಿ.

ಮನೇಲಿ ಬೇರೆಯವರಿಗೆ ಅಂಟತ್ತಾ?

ಅಂಟಬಹುದು, ಆದ್ರೆ ಮುಟ್ಟಿದ ತಕ್ಷಣ ಅಲ್ಲ. ಒದ್ದೆ ಬಾತ್‌ರೂಮ್ ನೆಲ, ಒಂದೇ ಟವೆಲ್, ಒಂದೇ ಚಪ್ಪಲಿ, ಒಂದೇ ನೇಲ್ ಕಟ್ಟರ್, ಇವೇ ದಾರಿ. ನೇಲ್ ಕಟ್ಟರ್ ಬೇರೆ ಇಟ್ಕೊಳ್ಳಿ, ಟವೆಲ್ ಬೇರೆ ಇಟ್ಕೊಳ್ಳಿ. ಮನೇಲಿ ಇನ್ನೊಬ್ಬರಿಗೂ ಇದ್ರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ತಗೋಳ್ಳಿ, ಇಲ್ಲಾಂದ್ರೆ ಇವರಿಂದ ಅವರಿಗೆ ಅವರಿಂದ ಇವರಿಗೆ ಸುತ್ತಾಡ್ತಾನೇ ಇರತ್ತೆ.

## ಟೆಸ್ಟ್ ವಿಷಯ

ಡಾಕ್ಟರ್ ನೋಡಿದ ತಕ್ಷಣ ಹೇಳ್ತಾರಲ್ಲ, ಟೆಸ್ಟ್ ಯಾಕೆ ಬೇಕು?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ಮೂರು ತಿಂಗಳು ದಿನಾ ಮಾತ್ರೆ ನುಂಗಿ, ಒಂದು ವರ್ಷ ಕಾದು, ಆಮೇಲೆ "ಓ ಇದು ಸೋರಿಯಾಸಿಸ್ ಅಂತೆ" ಅಂತ ಗೊತ್ತಾಗೋದು ಯಾರಿಗೂ ಬೇಡ. ಮಾತ್ರೆ ಶುರು ಮಾಡೋ ಮುಂಚೆ ಒಂದು ಸಲ ಸ್ಯಾಂಪಲ್ ಕಳಿಸಿ ಅಂತ ಬಾಯಿಬಿಟ್ಟು ಕೇಳಿ, ಅದು ನಿಮ್ಮ ಹಕ್ಕು.

ಸ್ಯಾಂಪಲ್ ತೆಗೆಯೋ ರೀತಿ ಗೊತ್ತಿದ್ರೆ ಒಳ್ಳೇದು, ಯಾಕಂದ್ರೆ ತಪ್ಪು ಜಾಗದಿಂದ ತೆಗೆದ್ರೆ ಟೆಸ್ಟೇ ದಂಡ. ಮೊದಲು ಉಗುರನ್ನ ಸ್ಪಿರಿಟಲ್ಲಿ ಒರೆಸ್ತಾರೆ. ತುದೀಲಿ ಸಡಿಲ ಆಗಿರೋ ಭಾಗ ಕತ್ತರಿಸ್ತಾರೆ, ಹೊರಗೆ ಉದುರಿರೋ ಮೊದಲ ಪುಡಿ ಬಿಸಾಕ್ತಾರೆ, ಯಾಕಂದ್ರೆ ಅಲ್ಲಿ ಸತ್ತ ಫಂಗಸ್ಸು ಧೂಳು ಎಲ್ಲ ಇರತ್ತೆ. ಆಮೇಲೆ ಉಗುರಿನ ಕೆಳಗೆ ಒಳಗೊಳಗೆ ಹೋಗಿ, ಚೆನ್ನಾಗಿರೋ ಉಗುರು ಶುರು ಆಗೋ ಗಡಿ ಹತ್ರದಿಂದ ಸಣ್ಣ ಸಾಧನದಲ್ಲಿ ಕೆರೆದು ಪುಡಿ ತೆಗೀತಾರೆ, ಜೀವ ಇರೋ ಫಂಗಸ್ ಸಿಗೋದು ಅಲ್ಲೇ. ಬರೀ ತುದಿ ಒಂಚೂರು ಕತ್ತರಿಸಿ ಕಲ್ಚರಿಗೆ, ಅಂದ್ರೆ ಲ್ಯಾಬಲ್ಲಿ ಫಂಗಸ್ ಬೆಳೆಸಿ ನೋಡೋ ಟೆಸ್ಟಿಗೆ, ಕಳಿಸಿದ್ರೆ ಏನೂ ಬೆಳೆಯದೇ ಇರಬಹುದು.

ಆ ಪುಡೀನ ಪೊಟ್ಯಾಸಿಯಂ ಹೈಡ್ರಾಕ್ಸೈಡಲ್ಲಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು ಕೆಒಎಚ್ ಟೆಸ್ಟ್, ಬೇಗ ಆಗತ್ತೆ, ಫಂಗಸ್ಸಿನ ಎಳೆ ಇದ್ಯಾ ಇಲ್ವಾ ಅಷ್ಟೇ ಹೇಳತ್ತೆ. ಯಾವ ಜಾತಿ ಅಂತ ಹೇಳೋದು ಕಲ್ಚರ್, ಅದಕ್ಕೆ ಮೂರ್ನಾಲ್ಕು ವಾರ ಬೇಕು. ಕತ್ತರಿಸಿದ ಉಗುರಿಗೆ ಪಿಎಎಸ್ ಅನ್ನೋ ಬಣ್ಣ ಹಾಕಿ ನೋಡೋ ಪರೀಕ್ಷೆ ಕಲ್ಚರಿಗಿಂತ ಜಾಸ್ತಿ ಕೇಸ್ ಹಿಡಿಯತ್ತೆ. ಕೆಲವು ಲ್ಯಾಬಲ್ಲಿ ಫಂಗಸ್ಸಿನ ಡಿಎನ್ಎ ಹುಡುಕೋ ಪಿಸಿಆರ್ ಟೆಸ್ಟ್ ಕೂಡ ಮಾಡ್ತಾರೆ.

ರಿಪೋರ್ಟ್ ನೆಗೆಟಿವ್ ಬಂತು, ಅಂದ್ರೆ ಫಂಗಸ್ ಇಲ್ವಾ?

ಇಲ್ಲ ಅಂತ ಹೇಳಕ್ಕಾಗಲ್ಲ. ಉಗುರಿನ ಟೆಸ್ಟಲ್ಲಿ ಸುಳ್ಳು ನೆಗೆಟಿವ್ ಬರೋದು ಮಾಮೂಲಿ. ಹಿಂದಿನ ಕೆಲವು ವಾರದಲ್ಲಿ ಫಂಗಸ್ ಕ್ರೀಮ್ ಹಚ್ಚಿದ್ರಾ, ಮಾತ್ರೆ ತಗೊಂಡಿದ್ರಾ ಅಂತ ಡಾಕ್ಟರಿಗೆ ಹೇಳಿ, ಅದಿದ್ರೆ ಕಲ್ಚರ್ ಬೆಳೆಯದೇ ಇರಬಹುದು. ಅನುಮಾನ ಬಲವಾಗಿದ್ರೆ ಇನ್ನೊಂದು ಸಲ, ಬೇರೆ ವಿಧಾನದಲ್ಲಿ ಮಾಡಿಸೋದೇ ಸರಿ.

## ಚಿಕಿತ್ಸೆ

ಹಚ್ಚೋ ಔಷಧಿ ಸಾಕಾ, ಮಾತ್ರೆ ಬೇಕೇ ಬೇಕಾ?

ಎಷ್ಟು ಕೆಟ್ಟಿದೆ ಅನ್ನೋದರ ಮೇಲೆ. ಒಂದೆರಡು ಉಗುರು, ಅದೂ ತುದಿಯ ಅರ್ಧಕ್ಕಿಂತ ಕಮ್ಮಿ, ಬುಡ ಚೆನ್ನಾಗಿದೆ ಅಂದ್ರೆ ನೇಲ್ ಪಾಲಿಶ್ ತರ ಹಚ್ಚೋ ಔಷಧಿ, ಅಂದ್ರೆ ಲ್ಯಾಕರ್, ಪ್ರಯತ್ನಿಸಬಹುದು. ಅರ್ಧಕ್ಕಿಂತ ಜಾಸ್ತಿ, ಬುಡ ಮುಟ್ಟಿದೆ, ಮೂರು ನಾಲ್ಕು ಬೆರಳಿಗೆ ಆಗಿದೆ ಅಂದ್ರೆ ಬರೀ ಹಚ್ಚೋದ್ರಿಂದ ಆಗೋ ಕೆಲಸ ಅಲ್ಲ, ಔಷಧಿ ಆ ದಪ್ಪ ಉಗುರು ದಾಟಿ ಕೆಳಗೆ ಇಳಿಯೋದೇ ಕಷ್ಟ.

ಮಾತ್ರೇಲಿ ಮೊದಲ ಆಯ್ಕೆ ಟರ್ಬಿನಾಫಿನ್, ದೊಡ್ಡವರಿಗೆ ದಿನಕ್ಕೆ 250 ಮಿಲಿಗ್ರಾಂ, ಕಾಲಿನ ಉಗುರಿಗೆ 12 ವಾರ. ಎರಡನೇದು ಇಟ್ರಾಕೊನಝೋಲ್, ದಿನಾ 200 ಮಿಲಿಗ್ರಾಂ 12 ವಾರ, ಇಲ್ಲಾ ತಿಂಗಳಲ್ಲಿ ಒಂದು ವಾರ ಮಾತ್ರ ದಿನಕ್ಕೆರಡು ಸಲ 200 ತಗೊಂಡು ಮೂರು ವಾರ ಬಿಡೋ ಪಲ್ಸ್ ವಿಧಾನ. ಫ್ಲುಕೊನಝೋಲ್ ವಾರಕ್ಕೊಂದು ಸಲ, ಆದ್ರೆ ಆರು ತಿಂಗಳಿಂದ ಒಂದು ವರ್ಷ ಎಳೆಯತ್ತೆ. ಲೆಕ್ಕ ಇಲ್ಲಿ ಬರ್ದಿದೀನಿ ಅಂತ ನೀವೇ ತಂದು ನುಂಗ್ಬೇಡಿ, ಯಾಕೆ ಅಂತ ಮುಂದಿನ ಪ್ರಶ್ನೆಗಳಲ್ಲಿ ಗೊತ್ತಾಗತ್ತೆ.

ನಿರೀಕ್ಷೆ ಎಷ್ಟಿಟ್ಕೋಬೇಕು ಅನ್ನೋದಕ್ಕೆ ಕೆಲವು ಅಂಕಿ. ಅಮೆರಿಕದಲ್ಲಿ ಔಷಧಿ ಜೊತೆ ಬರೋ ಮಾಹಿತಿ ಪತ್ರದ ಪ್ರಕಾರ ಟರ್ಬಿನಾಫಿನ್ ಮಾತ್ರೆ ತಗೊಂಡವರಲ್ಲಿ ಸುಮಾರು 70% ಜನರ ಟೆಸ್ಟಲ್ಲಿ ಫಂಗಸ್ ಹೋಗಿತ್ತು, ಆದ್ರೆ ಫಂಗಸ್ಸೂ ಹೋಗಿ ಉಗುರೂ ಪೂರ್ತಿ ಸರಿ ಆಗಿದ್ದು 38% ಜನರಿಗೆ. ಹಚ್ಚೋ ಎಫಿನಾಕೊನಝೋಲಲ್ಲಿ ಪೂರ್ತಿ ಸರಿ ಆಗಿದ್ದು 15ರಿಂದ 18%, ಸೈಕ್ಲೋಪಿರಾಕ್ಸ್ ಲ್ಯಾಕರಲ್ಲಿ 10%ಗಿಂತ ಕಮ್ಮಿ. ಇದನ್ನ ಹೇಳ್ತಾ ಇರೋದು ನಿರಾಸೆ ಮಾಡೋಕಲ್ಲ, ಮೊದಲೇ ಗೊತ್ತಿದ್ರೆ ಅರ್ಧಕ್ಕೆ ಕೈ ಬಿಡಲ್ಲ ಅಂತ.

ಲ್ಯಾಕರ್ ಹಚ್ತಾ ಇದೀನಿ, ಏನೂ ಆಗ್ತಿಲ್ಲ. ಹಚ್ಚೋದ್ರಲ್ಲೇ ತಪ್ಪಾಗ್ತಿದ್ಯಾ?

ಆಗಿರಬಹುದು. ಅಮೊರೊಲ್ಫಿನ್ 5% ಲ್ಯಾಕರ್ ಆದ್ರೆ ವಾರಕ್ಕೆ ಒಂದು ಅಥವಾ ಎರಡು ಸಲ, ದಿನಾ ಅಲ್ಲ. ಹಚ್ಚೋ ಮುಂಚೆ ಉಗುರಿನ ಮೇಲ್ಮೈಯನ್ನ ನೇಲ್ ಫೈಲಲ್ಲಿ ಉಜ್ಜಿ ತೆಳು ಮಾಡ್ಬೇಕು, ಸ್ಪಿರಿಟ್ ಹತ್ತೀಲಿ ಹಳೇ ಪದರ ಒರೆಸ್ಬೇಕು, ಒಣಗಿದ ಮೇಲೆ ಇಡೀ ಉಗುರಿಗೆ ಹಚ್ಬೇಕು. ಎಷ್ಟೋ ಜನ ಈ ಉಜ್ಜೋ ಕೆಲಸಾನೇ ಬಿಟ್ಟುಬಿಡ್ತಾರೆ. ಆ ಫೈಲನ್ನ ಚೆನ್ನಾಗಿರೋ ಉಗುರಿಗೆ ಬಳಸ್ಬೇಡಿ. ಸೈಕ್ಲೋಪಿರಾಕ್ಸ್ ಆದ್ರೆ ದಿನಾ ಹಚ್ಚಿ ವಾರಕ್ಕೊಂದು ಸಲ ಒರೆಸೋದು. ಉಗುರು ತೀರಾ ದಪ್ಪ ಇದ್ರೆ 40% ಯೂರಿಯಾ ಕ್ರೀಮ್ ಹಚ್ಚಿ ಮೆತ್ತಗೆ ಮಾಡಿಸಿ ಕೆರೆಸೋದರ ಬಗ್ಗೆ ಕೇಳಿ. ಯಾವುದೇ ಆದ್ರೂ ಒಂಬತ್ತು ತಿಂಗಳಿಂದ ಒಂದು ವರ್ಷದ ಕೆಲಸ. ಚಿಕಿತ್ಸೆ ನಡೆಯೋವಾಗ ಮಾಮೂಲಿ ನೇಲ್ ಪಾಲಿಶ್ ಬೇಡ.

ಟರ್ಬಿನಾಫಿನ್ ಲಿವರ್ ಹಾಳು ಮಾಡತ್ತಂತೆ, ಭಯ ಆಗತ್ತೆ

ಲಿವರಿಗೆ ತೊಂದರೆ ಆಗೋದು ನಿಜ, ಆದ್ರೆ ಅದು ಅಪರೂಪ. ಅದಕ್ಕೇ ಶುರು ಮಾಡೋ ಮುಂಚೆ ಲಿವರ್ ಟೆಸ್ಟ್ ಮಾಡಿಸ್ತಾರೆ, ಮೊದಲಿಂದ ಲಿವರ್ ಕಾಯಿಲೆ ಇರೋರಿಗೆ ಇದನ್ನ ಕೊಡಲ್ಲ. ಮಾತ್ರೆ ತಗೋತಾ ಇರೋವಾಗ ಹಸಿವೇ ಇಲ್ಲ, ವಾಕರಿಕೆ ನಿಲ್ತಾ ಇಲ್ಲ, ವಿಪರೀತ ಸುಸ್ತು, ಮೂತ್ರ ಗಾಢ ಬಣ್ಣ, ಕಣ್ಣು ಹಳದಿ, ಮೈ ತುರಿಕೆ, ಹೊಟ್ಟೆಯ ಬಲಗಡೆ ಮೇಲೆ ನೋವು ಇವುಗಳಲ್ಲಿ ಯಾವುದು ಕಂಡ್ರೂ ಮಾತ್ರೆ ನಿಲ್ಲಿಸಿ ಆವತ್ತೇ ಡಾಕ್ಟರಿಗೆ ಹೇಳಿ. ಇನ್ನೊಂದು, ಕೆಲವರಿಗೆ ನಾಲಿಗೆ ರುಚಿ ಹೋಗತ್ತೆ. ಮಾತ್ರೆ ನಿಲ್ಲಿಸಿದ ಮೇಲೆ ವಾರಗಳೋ ತಿಂಗಳುಗಳೋ ಆಗಿ ಸಾಮಾನ್ಯವಾಗಿ ವಾಪಸ್ ಬರತ್ತೆ, ಅಪರೂಪಕ್ಕೆ ಬರದೇನೂ ಇರಬಹುದು, ಹಂಗಾಗಿ ರುಚಿ ವ್ಯತ್ಯಾಸ ಗೊತ್ತಾದ ಕೂಡಲೇ ಹೇಳಿ.

ಇದಕ್ಕಿಂತ ನಂಗೆ ಜಾಸ್ತಿ ಆತಂಕ ಇರೋದು ಕೀಟೊಕೊನಝೋಲ್ ಮಾತ್ರೆ ಬಗ್ಗೆ. ಲಿವರ್ ಅಪಾಯದ ಕಾರಣಕ್ಕೆ ಇದನ್ನ ಚರ್ಮ ಮತ್ತು ಉಗುರಿನ ಫಂಗಸ್ಸಿಗೆ ಕೊಡಬಾರದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ, 2016ರಲ್ಲಿ ಮತ್ತೆ ಹೇಳಿದೆ. ಉಗುರಿಗೆ ಅಂತ ಯಾರಾದ್ರೂ ಆ ಮಾತ್ರೆ ಬರ್ದುಕೊಟ್ರೆ ಬೇರೆ ಆಯ್ಕೆ ಕೇಳಿ.

ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ತಗೋತೀನಿ, ಇದನ್ನೂ ತಗೋಬಹುದಾ?

ಪೂರ್ತಿ ಪಟ್ಟಿ ಡಾಕ್ಟರ್ ಮುಂದೆ ಇಡಿ, ಒಂದೂ ಬಿಡದಂಗೆ. ಇಟ್ರಾಕೊನಝೋಲ್ ಜೊತೆ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆಗಳು ಸೇರಲೇಬಾರದು, ಸ್ನಾಯುಗಳಿಗೆ ಅಪಾಯ. ಹಾರ್ಟ್ ಫೇಲ್ಯೂರ್ ಇರೋರಿಗೆ, ಹಿಂದೆ ಆಗಿದ್ದವರಿಗೂ, ಉಗುರಿನ ಫಂಗಸ್ಸಿಗೆ ಇಟ್ರಾಕೊನಝೋಲ್ ಕೊಡಬಾರದು. ಅದರ ಕ್ಯಾಪ್ಸೂಲ್ ಊಟದ ಜೊತೆಗೇ ತಗೋಬೇಕು, ಗ್ಯಾಸಿನ ಮಾತ್ರೆ ತಗೋತಾ ಇದ್ರೆ ಅದು ಸರಿಯಾಗಿ ಮೈಗೆ ಹತ್ತಲ್ಲ. ಟರ್ಬಿನಾಫಿನ್ ಇಷ್ಟು ತಕರಾರಿನದ್ದಲ್ಲ, ಆದ್ರೂ ಮೆಟೊಪ್ರೊಲಾಲ್ ತರದ ಬಿಪಿ ಮಾತ್ರೆ, ಕೆಲವು ಡಿಪ್ರೆಶನ್ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರಿಸತ್ತೆ.

ಮೂರು ತಿಂಗಳು ಮಾತ್ರೆ ಮುಗೀತು, ಉಗುರು ಹಂಗೇ ಇದೆ. ದುಡ್ಡು ದಂಡ ಆಯ್ತಾ?

ಇಲ್ಲ ಇಲ್ಲ, ಇನ್ನೂ ಗೊತ್ತಾಗೋ ಟೈಮೇ ಆಗಿಲ್ಲ. ಕೆಟ್ಟ ಉಗುರು ಯಾವತ್ತೂ ವಾಪಸ್ ಒಳ್ಳೇದಾಗಲ್ಲ, ಹಿಂದಿಂದ ಹೊಸ ಉಗುರು ಬಂದು ಅದನ್ನ ಮುಂದಕ್ಕೆ ತಳ್ಳಬೇಕು, ನೀವು ಅದನ್ನ ಕತ್ತರಿಸ್ತಾ ಹೋಗ್ಬೇಕು. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯತ್ತೆ ಅಷ್ಟೇ, ಹೆಬ್ಬೆರಳಿನದು ಪೂರ್ತಿ ಬದಲಾಗೋಕೆ 12ರಿಂದ 18 ತಿಂಗಳು. ಮಾತ್ರೆ ನಿಂತ ಮೇಲೂ ಔಷಧಿ ಉಗುರೊಳಗೆ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡ್ತಾ ಇರತ್ತೆ.

ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಒಂದು ಒಳ್ಳೇ ಉಪಾಯ ಇದೆ. ಚಿಕಿತ್ಸೆ ಶುರು ಮಾಡೋ ದಿನ ಒಳ್ಳೇ ಉಗುರು ಮುಗಿದು ಹಳದಿ ಶುರು ಆಗೋ ಗಡೀಲಿ ಫೈಲಿನ ಅಂಚಿಂದ ಮೇಲ್ಮೈ ಮೇಲೆ ತೆಳ್ಳಗೆ ಅಡ್ಡ ಗೀರು ಹಾಕಿ, ಫೋಟೋ ತಗೊಳ್ಳಿ. ಗೀರು ಉಗುರಿನ ಜೊತೆ ಮುಂದಕ್ಕೆ ಸಾಗತ್ತೆ. ತಿಂಗಳಿಗೊಂದು ಸಲ ಅದೇ ಬೆಳಕಲ್ಲಿ ನೋಡಿ. ಗೀರಿನ ಹಿಂದೆ ಬುಡದ ಕಡೆ ಬರ್ತಿರೋ ಉಗುರು ನಸುಗುಲಾಬಿಯಾಗಿ ತಿಳಿಯಾಗಿದ್ರೆ ಔಷಧಿ ಹಿಡಿದಿದೆ. ಹಳದಿ ಗೀರು ದಾಟಿ ಬುಡದ ಕಡೆಗೆ ವಾಪಸ್ ಬಂದಿದ್ರೆ ಹಿಡಿದಿಲ್ಲ, ಹೋಗಿ ತೋರಿಸಿ. ಕಾಲಲ್ಲಿ ಸ್ಪರ್ಶ ಕಮ್ಮಿ ಇರೋರು ಗೀರು ಹಾಕ್ಬೇಡಿ, ಫೋಟೋ ಒಂದೇ ಸಾಕು.

ವಿನೆಗರ್, ಟೀ ಟ್ರೀ ಎಣ್ಣೆ, ಮೂಗು ಕಟ್ಟಿದಾಗ ಹಚ್ಚೋ ಮುಲಾಮು ಇವೆಲ್ಲ ಕೆಲಸ ಮಾಡತ್ತಾ?

ನಂಬಿಕೆ ಇಡೋವಷ್ಟು ಆಧಾರ ಇವಕ್ಕಿಲ್ಲ. ಟೀ ಟ್ರೀ ಎಣ್ಣೆ, ಆ ಮುಲಾಮು ಎರಡರ ಮೇಲೂ ಸಣ್ಣ ಅಧ್ಯಯನಗಳು ಆಗಿವೆ, ಕೆಲವರಿಗೆ ಸ್ವಲ್ಪ ಉಪಯೋಗ ಕಂಡಿದೆ ಅಷ್ಟೇ. ಹಚ್ಚಿ ನೋಡ್ತೀನಿ ಅಂದ್ರೆ ಚರ್ಮ ಉರಿಯದೇ ಇದ್ರೆ ಸಾಕು. ಆದ್ರೆ ಬ್ಲೀಚಲ್ಲಿ ಕಾಲು ಅದ್ದೋದು, ಆಸಿಡ್ ಹನಿ ಹಾಕೋದು, ಬ್ಲೇಡಲ್ಲಿ ಉಗುರು ಕೆತ್ತೋದು ಖಂಡಿತ ಬೇಡ.

ಉಗುರು ಕೀಳಿಸಿಬಿಟ್ರೆ ಒಂದೇ ಸಲಕ್ಕೆ ಮುಗಿಯಲ್ವಾ? ಲೇಸರ್?

ಕೀಳಿಸಿದ್ರೂ ಫಂಗಸ್ ಉಗುರಿನ ಕೆಳಗಿನ ಚರ್ಮದಲ್ಲಿ ಉಳಿದಿರತ್ತೆ, ಹೊಸ ಉಗುರಿಗೂ ಹತ್ತತ್ತೆ, ಮೇಲಿಂದ ಹೊಸ ಉಗುರು ಸೊಟ್ಟ ಬರೋ ಸಾಧ್ಯತೆ. ತೀರಾ ನೋವು ಇದ್ದಾಗ ಮಾತ್ರ, ಅದೂ ಔಷಧಿ ಜೊತೆ. ಲೇಸರ್ ಬಗ್ಗೆ ಜಾಹೀರಾತು ಜೋರಾಗಿದೆ, ಆದ್ರೆ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿರೋದು ತಾತ್ಕಾಲಿಕವಾಗಿ ತಿಳಿ ಉಗುರು ಹೆಚ್ಚಿಸೋಕೆ ಅಂತಷ್ಟೇ, ಫಂಗಸ್ ವಾಸಿ ಮಾಡತ್ತೆ ಅಂತಲ್ಲ. ಮಾತ್ರೆ ತಗೋಳೋಕೆ ಆಗದವರು ಎಲ್ಲ ತಿಳ್ಕೊಂಡು ಹೋದ್ರೆ ಸರಿ.

## ಸ್ವಲ್ಪ ಜಾಸ್ತಿ ಗಮನ ಬೇಕಾದವು

ಅಮ್ಮಂಗೆ ಶುಗರ್ ಇದೆ, ಉಗುರು ಹಿಂಗಾಗಿದೆ, ಅರ್ಜೆಂಟಾ?

ಎಮರ್ಜೆನ್ಸಿ ಅಲ್ಲ, ಆದ್ರೆ ಮುಂದೂಡಬೇಡಿ. ಶುಗರ್ ಇರೋರಿಗೆ ಕಾಲಲ್ಲಿ ಸ್ಪರ್ಶ ಕಮ್ಮಿ ಆಗಿರಬಹುದು, ದಪ್ಪ ಉಗುರು ಚರ್ಮಕ್ಕೆ ಒತ್ತಿ ಗಾಯ ಆದ್ರೂ ಅವರಿಗೆ ಗೊತ್ತೇ ಆಗಲ್ಲ. ಆ ಗಾಯ, ಬೆರಳ ಸಂದೀಲಿ ಒಡೆದ ಚರ್ಮ, ಇವು ಬ್ಯಾಕ್ಟೀರಿಯಾಗೆ ಬಾಗಿಲು. ಅಮ್ಮನ ಕಾಲನ್ನ ನೀವೇ ದಿನಾ ಒಂದು ಸಲ ಬೆಳಕಲ್ಲಿ ನೋಡಿ, ಬೆರಳು ಬಿಡಿಸಿ ಸಂದೀನೂ ನೋಡಿ. ಉಗುರು ಮನೇಲಿ ಕತ್ತರಿಸೋ ಬದಲು ಕಾಲಿನ ಆರೈಕೆ ತಿಳಿದವರ ಹತ್ರ ಮಾಡಿಸಿ. ಪಾದ ಕೆಂಪಾಗಿ ಬಿಸಿಯಾಗಿ ಊದಿದ್ರೆ, ಜ್ವರ ಬಂದ್ರೆ, ಕೀವು ಕಂಡ್ರೆ ಆವತ್ತೇ ಆಸ್ಪತ್ರೆ.

ಪ್ರೆಗ್ನೆಂಟ್ ಇದೀನಿ, ಮಾತ್ರೆ ತಗೋಬಹುದಾ? ಮಕ್ಕಳಿಗೆ ಬಂದ್ರೆ?

ಬಸುರಿಯರು ಮಾತ್ರೆ ಮುಂದೂಡೋದೇ ಸರಿ, ಉಗುರು ಕಾಯತ್ತೆ. ಹಾಲೂಡಿಸೋವಾಗಲೂ ಡಾಕ್ಟರನ್ನ ಕೇಳದೇ ಬೇಡ. ಮಕ್ಕಳಿಗೆ ಇದು ಬರೋದು ಕಮ್ಮಿ, ಬಂದ್ರೆ ಮನೇಲಿ ದೊಡ್ಡವರ ಕಾಲನ್ನೂ ನೋಡಿ. ಮಕ್ಕಳ ಡೋಸ್ ತೂಕದ ಲೆಕ್ಕದಲ್ಲಿ ಇರತ್ತೆ.

ಉಗುರಿನ ಬುಡದಿಂದಾನೇ ಬಿಳಿ ಶುರು ಆಗಿದೆ, ತುದಿ ಚೆನ್ನಾಗಿದೆ

ಇದು ಅಪರೂಪದ ತರ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಎಚ್‌ಐವಿ ಇರೋರಲ್ಲಿ ಜಾಸ್ತಿ ಕಾಣತ್ತೆ. ಹೆದರಬೇಡಿ, ಪೆಟ್ಟಿಂದಾನೂ ಬುಡದಲ್ಲಿ ಬಿಳಿ ಬರಬಹುದು, ಆದ್ರೆ ಡಾಕ್ಟರ್ ರಕ್ತ ಪರೀಕ್ಷೆ ಕೇಳಿದ್ರೆ ಬೇಜಾರು ಮಾಡ್ಕೊಳ್ದೆ ಮಾಡಿಸಿ.

ಕೋರ್ಸ್ ಪೂರ್ತಿ ಮುಗಿಸಿದೆ, ಒಂದು ವರ್ಷ ಕಾದೆ, ಆದ್ರೂ ಹೋಗ್ಲಿಲ್ಲ. ಈಗೇನು?

ಅದೇ ಮಾತ್ರೇನ ಸುಮ್ನೆ ಇನ್ನೊಂದು ಸಲ ತಗೋಳೋ ಮುಂಚೆ ಕಾರಣ ಹುಡುಕ್ಬೇಕು. ಮೊದಲು ಟೆಸ್ಟ್ ಮತ್ತೆ ಮಾಡಿಸಿ, ಈ ಸಲ ಕಲ್ಚರ್ ಸಹಿತ. ಫಂಗಸ್ ಇಲ್ಲ ಅಂತ ಬಂದ್ರೆ ಹಳೇ ಪೆಟ್ಟಿಂದ ಉಗುರಿನ ಆಕಾರಾನೇ ಕೆಟ್ಟಿರಬಹುದು, ಆಗ ಔಷಧಿಗೆ ಮಾಡೋಕೆ ಕೆಲಸ ಇಲ್ಲ. ಇದೆ ಅಂತ ಬಂದ್ರೆ ಯಾವುದು ಅಂತ ನೋಡ್ಬೇಕು, ಫ್ಯುಸೇರಿಯಂ, ಸ್ಕೋಪುಲರಿಯಾಪ್ಸಿಸ್ ತರದ ಬೂಷ್ಟುಗಳು ಮಾಮೂಲಿ ಔಷಧಿಗೆ ಸರಿಯಾಗಿ ಬಗ್ಗಲ್ಲ, ಟರ್ಬಿನಾಫಿನ್‌ಗೆ ಬಗ್ಗದ ಟ್ರೈಕೋಫೈಟಾನ್ ತಳಿಗಳೂ ಈಗ ಸಿಗ್ತಿವೆ. ಇನ್ನೊಂದು ಕಾರಣ ಉಗುರಿನ ಕೆಳಗೆ ಫಂಗಸ್ ಗಟ್ಟಿ ಗಂಟಾಗಿ ಕೂರೋದು, ಹೊರಗಿಂದ ಉದ್ದಕ್ಕೆ ದಪ್ಪ ಹಳದಿ ಗೆರೆ ತರ ಕಾಣತ್ತೆ. ಆ ಗಂಟೊಳಗೆ ಔಷಧಿ ಹೋಗೋದೇ ಇಲ್ಲ, ಅಷ್ಟು ಭಾಗದ ಉಗುರು ಕತ್ತರಿಸಿ ಕೆರೆದು ತೆಗೆದ ಮೇಲೇ ಮಾತ್ರೆ ಹಿಡಿಯತ್ತೆ.

ವಾಸಿ ಆಗಿತ್ತು, ಮತ್ತೆ ಬಂತು. ಬರದೇ ಇರೋಕೆ ಏನ್ ಮಾಡ್ಬೇಕು?

ಮರುಕಳಿಸೋದು ಈ ಕಾಯಿಲೇಲಿ ತುಂಬ ಸಾಮಾನ್ಯ. ಜಾಸ್ತಿ ಜನ ಮರೆಯೋದು ಶೂ. ಉಗುರು ವಾಸಿ ಆದ ಮೇಲೂ ಅದೇ ಹಳೇ ಶೂ ಹಾಕ್ತಾರೆ, ಅದರೊಳಗೆ ಫಂಗಸ್ ಬೀಜಕಣಗಳು ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರತ್ತೆ. ತೀರಾ ಹಳೇದನ್ನ ಬಿಸಾಕಿ, ಉಳಿದಿದ್ದಕ್ಕೆ ಆಂಟಿಫಂಗಲ್ ಪೌಡರ್ ಹಾಕಿ, ಒಂದೇ ಜೋಡಿ ದಿನಾ ಹಾಕದೇ ಒಣಗೋಕೆ ಒಂದು ದಿನ ಬಿಡಿ. ಸಾಕ್ಸ್ 60 ಡಿಗ್ರಿ ಬಿಸಿ ನೀರಲ್ಲಿ ಒಗೀರಿ. ಸ್ನಾನ ಆದ ಮೇಲೆ ಬೆರಳ ಸಂದಿ ಒರೆಸಿ. ಸಂದೀಲಿ ತುರಿಕೆ, ಸುಲಿಯೋದು ಶುರು ಆದ ದಿನಾನೇ ಫಂಗಸ್ ಕ್ರೀಮ್ ಹಚ್ಚಿ, ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಬೇಡ, ಅದು ತುರಿಕೆ ಅಡಗಿಸಿ ಫಂಗಸ್ಸನ್ನ ಒಳಗೇ ಬೆಳೆಸತ್ತೆ. ಪದೇ ಪದೇ ಬರೋರಿಗೆ ವಾಸಿ ಆದ ಮೇಲೂ ಲ್ಯಾಕರ್ ಮುಂದುವರಿಸೋಕೆ ಕೆಲವು ಡಾಕ್ಟರ್‌ಗಳು ಹೇಳ್ತಾರೆ, ನಿಮ್ಮವರನ್ನ ಕೇಳಿ ನೋಡಿ.